ವಿಷ ಹೊಡೆಯದೆ ಮನೆಯ ಹುಳಹುಪ್ಪಟೆ ತೊಲಗಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಜಿರಳೆಗೆ ಲವಂಗ ಇಡಿ, ಇರುವೆಗೆ ಅರಿಸಿನ ಉದುರಿಸಿ, ಇಲಿಗೆ ಪುದೀನ ಎಣ್ಣೆ ಸಿಂಪಡಿಸಿ. ಇಂಥ ಸಲಹೆಗಳಿಗೇನೂ ಬರವಿಲ್ಲ. ಮಾಡಿ ನೋಡಿದವರಿಗೆ ಮುಂದೇನಾಗುತ್ತದೆ ಅಂತಲೂ ಗೊತ್ತು. ಎರಡು ದಿನ ಹುಳದ ಸುದ್ದಿ ಇರುವುದಿಲ್ಲ. ಮೂರನೇ ದಿನ ಪಕ್ಕದ ಕಪಾಟಿನಲ್ಲಿ ಹಾಜರು. ಘಾಟು ವಾಸನೆಗೆ ಹುಳ ಸಾಯುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ವಾಸನೆ ಆರಿತೋ, ವಾಪಸ್ ಬಂತು ಅಂತಲೇ ಲೆಕ್ಕ.

ಹಾಗಂತ ಮನೆಮದ್ದೆಲ್ಲ ಸುಳ್ಳಲ್ಲ. ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಅವುಗಳ ಸರದಿ ಬರುವುದು ಕೊನೆಗೆ. ಮೊದಲು ಹುಳಕ್ಕೆ ನೀರು ತಪ್ಪಿಸಬೇಕು, ಆಮೇಲೆ ಊಟ, ಆಮೇಲೆ ಅಡಗುವ ಸಂದು. ಈ ಮೂರೂ ಹಾಗೇ ಇದ್ದರೆ ಯಾವ ಮದ್ದು ಹಾಕಿದರೂ ದುಡ್ಡು ದಂಡ. ನಿಮಗೆ ಜಿರಳೆಯ ಕಾಟ ಮಾತ್ರ ಇದ್ದರೂ ಮೊದಲ ನಾಲ್ಕು ಹೆಜ್ಜೆಗಳನ್ನು ದಾಟಿ ಮುಂದೆ ಹೋಗಬೇಡಿ.

ಮೊದಲಿಗೆ ಒಂದಿಷ್ಟು ಎಚ್ಚರಿಕೆ

ಗಿಡದಿಂದ ಬಂದದ್ದು, ಅಡುಗೆಮನೆಯಲ್ಲೇ ಸಿಗುವಂಥದ್ದು ಅಂದ ಮಾತ್ರಕ್ಕೆ ಅಪಾಯವಿಲ್ಲ ಅಂದುಕೊಳ್ಳಬೇಡಿ.

ತಂಬಾಕಿನ ಕಷಾಯವನ್ನು ಕೆಲವರು ಈಗಲೂ ಸಿಂಪಡಿಸುತ್ತಾರೆ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಸೇರುವ ವಿಷ. ಮನೆಯೊಳಗೆ ಅದು ಬೇಡವೇ ಬೇಡ. ಕರ್ಪೂರವನ್ನು ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರಬಹುದು. ಹಾಗಾಗಿ ಮೂಲೆ ಮೂಲೆಗೆ ಕರ್ಪೂರದ ಬಿಲ್ಲೆ ಇಡುವ ಅಭ್ಯಾಸ ಮಗು ಇರುವ ಮನೆಗೆ ಆಗಿಬರುವುದಿಲ್ಲ. ಟೀ ಟ್ರೀ ಎಣ್ಣೆಯಂಥ ಸುಗಂಧ ಎಣ್ಣೆಗಳು ಬೆಕ್ಕಿಗೆ ವಿಷ. ಮೈಮೇಲೆ ಬಿದ್ದದ್ದನ್ನು ಬೆಕ್ಕು ನೆಕ್ಕುತ್ತದೆ, ಅದರ ಲಿವರ್‌ಗೆ ಅದನ್ನು ಕರಗಿಸುವ ಶಕ್ತಿ ಇಲ್ಲ.

ಇನ್ನೊಂದು ವಿಷಯ. ವಿನೆಗರ್ ಮತ್ತು ಬ್ಲೀಚ್ ಎರಡನ್ನೂ ಒಂದೇ ಕಡೆ ಸುರಿಯಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಹುಟ್ಟುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಉಸಿರಿಗೇ ಕುತ್ತು.

ಬಟ್ಟೆಯ ನಡುವೆ ಇಡುವ ನ್ಯಾಫ್ತಲಿನ್ ಗುಳಿಗೆಯೂ ಮನೆಮದ್ದಲ್ಲ. ಅದು ಪಕ್ಕಾ ರಾಸಾಯನಿಕ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅದರಿಂದ ರಕ್ತದ ಕೆಂಪು ಕಣಗಳೇ ಒಡೆದು ಹೋಗಬಹುದು. ಎಳೆಗೂಸಿನ ಬಟ್ಟೆಯ ಹತ್ತಿರ ಅದನ್ನು ಸುಳಿಯಗೊಡಬೇಡಿ.

ಹೆಜ್ಜೆ 1: ರಾತ್ರಿ ಟಾರ್ಚ್ ಹಿಡಿದು ನೋಡಿ

ಹಗಲಲ್ಲಿ ಎಷ್ಟು ಹುಡುಕಿದರೂ ಅರ್ಧ ಕಥೆ ಮಾತ್ರ ಸಿಗುತ್ತದೆ. ಎಲ್ಲರೂ ಮಲಗಿ ಒಂದೆರಡು ಗಂಟೆಯಾದ ಮೇಲೆ ಲೈಟ್ ಹಾಕದೆ ಟಾರ್ಚ್ ಹಿಡಿದು ಅಡುಗೆಮನೆಗೆ ಹೋಗಿ. ಸಿಂಕ್ ಕೆಳಗೆ, ಫ್ರಿಜ್ ಹಿಂದೆ, ಒಲೆಯ ಅಡಿಯಲ್ಲಿ, ಕಪಾಟಿನ ಬಾಗಿಲ ಹಿಂಜಿನ ಹತ್ತಿರ ಬೆಳಕು ಬಿಡಿ. ಯಾವುದು ಓಡಿತು ಅನ್ನುವುದಕ್ಕಿಂತ ಎಲ್ಲಿಗೆ ಓಡಿತು ಅನ್ನುವುದು ಮುಖ್ಯ. ಅದು ನುಗ್ಗಿದ ಸಂದೇ ಅದರ ಮನೆ. ಅಲ್ಲಿ ಒಂದು ಗುರುತು ಹಾಕಿ.

ಫ್ರಿಜ್ಜನ್ನು ಸ್ವಲ್ಪ ಮುಂದೆ ಎಳೆದು ಕಂಪ್ರೆಸರ್ ಹತ್ತಿರ ನೋಡಿ. ಅಲ್ಲಿ ಯಾವಾಗಲೂ ಬೆಚ್ಚಗಿರುತ್ತದೆ, ನೀರೂ ತೊಟ್ಟಿಕ್ಕುತ್ತಿರುತ್ತದೆ. ಕರಿಮೆಣಸಿನ ಪುಡಿ ಉದುರಿದ ಹಾಗೆ ಕಪ್ಪು ಕಾಳು ಕಾಳು ಕಂಡರೆ ಅದು ಜಿರಳೆಯ ಹಿಕ್ಕೆ. ಅದರ ಜೊತೆಗೇ ಕಂದು ಬಣ್ಣದ, ಗೆರೆ ಗೆರೆಯಾದ ಸಣ್ಣ ಚೀಲಗಳು ಅಂಟಿರಬಹುದು. ಅವು ಮೊಟ್ಟೆಯ ಚೀಲಗಳು. ಒಡೆಯದೆ ಇದ್ದರೆ ಕಿತ್ತು, ಸೋಪಿನ ನೀರಲ್ಲಿ ಹಾಕಿ, ಹಿಸುಕಿಯೇ ಬಿಸಾಕಿ. ಸುಮ್ನೆ ಗುಡಿಸಿ ಕಸದ ಬುಟ್ಟಿಗೆ ಹಾಕಿದರೆ ಬುಟ್ಟಿಯಲ್ಲೇ ಮರಿಯಾಗುತ್ತವೆ.

ಹಿಕ್ಕೆಯ ಅಳತೆಯಿಂದಲೂ ಗುರುತು ಹಿಡಿಯಬಹುದು. 3 ರಿಂದ 6 ಮಿಲಿಮೀಟರ್ ಇದ್ದು ತುದಿ ಚೂಪಾಗಿದ್ದರೆ ಸುಂಡಿಲಿ. 12 ಮಿಲಿಮೀಟರ್‌ಗಿಂತ ಉದ್ದವಿದ್ದರೆ ದೊಡ್ಡ ಇಲಿ ಅಥವಾ ಹೆಗ್ಗಣ. ಇಬ್ಬರಿಗೂ ಉಪಾಯ ಬೇರೆ ಬೇರೆ. ಅದು ಮುಂದೆ ಬರುತ್ತದೆ.

ಹೆಜ್ಜೆ 2: ನೀರು ತಪ್ಪಿಸಿ

ಊಟಕ್ಕಿಂತ ಮೊದಲು ನೀರು ಯಾಕೆ ಅಂದರೆ, ಅಡುಗೆಮನೆಯ ಸಣ್ಣ ಜಿರಳೆ ಬರೀ ನೀರು ಕುಡಿದುಕೊಂಡು ತಿಂಗಳ ಹತ್ತಿರ ಬದುಕುತ್ತದೆ. ನೀರೂ ಇಲ್ಲ, ಊಟವೂ ಇಲ್ಲ ಅಂತಾದರೆ ಸುಮಾರು ಎರಡು ವಾರದಲ್ಲಿ ಅದರ ಆಟ ಮುಗಿಯುತ್ತದೆ.

ಸೋರುವ ನಲ್ಲಿಗೆ ವಾಷರ್ ಹಾಕಿಸಿ. ಮಲಗುವ ಮುಂಚೆ ಸಿಂಕನ್ನು ಒಣ ಬಟ್ಟೆಯಲ್ಲಿ ಒರೆಸಿ. ಅಡುಗೆ ಕಟ್ಟೆ ಒರೆಸುವ ಬಟ್ಟೆಯನ್ನು ಮುದ್ದೆ ಮಾಡಿ ಸಿಂಕ್ ಪಕ್ಕ ಬಿಡುತ್ತೇವಲ್ಲ, ಅದು ಜಿರಳೆಗೆ ಊಟ ನೀರು ಎರಡೂ ಆಯಿತು. ಹಿಂಡಿ, ಹರಡಿ ಒಣಗಿಸಿ. ನೆಲದ ಜಾಲರಿ, ಬಚ್ಚಲಿನ ಮೋರಿ ರಾತ್ರಿ ಮುಚ್ಚಿರಲಿ. ದೊಡ್ಡ ಕೆಂಪು ಜಿರಳೆ ಬರುವುದು ಹೆಚ್ಚಾಗಿ ಅಲ್ಲಿಂದಲೇ.

ಬಳಸದೇ ಬಿಟ್ಟ ಬಚ್ಚಲಿನ ಬಗ್ಗೆ ಮಾತ್ರ ಉಲ್ಟಾ ಲೆಕ್ಕ. ಮೋರಿಯ ಬಾಗಿದ ಪೈಪಿನಲ್ಲಿ ನಿಂತಿರುವ ನೀರೇ ಚರಂಡಿಯ ಹುಳ ಮೇಲೆ ಬರದಂತೆ ತಡೆಯುವ ಬಾಗಿಲು. ಅದು ಒಣಗಿದರೆ ದಾರಿ ತೆರೆದಂತೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಸುರಿದು ಮೇಲೆ ಮುಚ್ಚಳ ಹಾಕಿ.

ಹೆಜ್ಜೆ 3: ಊಟ ತಪ್ಪಿಸಿ

ಇದನ್ನು ಎಲ್ಲರೂ ಬಲ್ಲರು, ಹಾಗಾಗಿ ಉದ್ದ ಎಳೆಯುವುದಿಲ್ಲ. ಎಂಜಲು ಪಾತ್ರೆ ರಾತ್ರಿ ಉಳಿಯಬಾರದು. ತೊಳೆಯಲು ಆಗಲೇ ಇಲ್ಲ ಅಂದರೆ ಸೋಪಿನ ನೀರಲ್ಲಿ ಪೂರ್ತಿ ಮುಳುಗಿಸಿಡಿ. ಕಸದ ಬುಟ್ಟಿಗೆ ಬಿಗಿಯಾದ ಮುಚ್ಚಳ ಬೇಕು. ಸಾಕುಪ್ರಾಣಿಯ ತಟ್ಟೆಯನ್ನು ರಾತ್ರಿ ಎತ್ತಿಡಿ.

ಜನ ಮರೆಯುವ ಜಾಗಗಳು ಬೇರೆಯೇ ಇವೆ. ಒಲೆಯ ಬರ್ನರ್ ಕೆಳಗಿನ ತಟ್ಟೆ, ಮಿಕ್ಸಿಯ ತಳ, ಟೋಸ್ಟರ್ ಒಳಗಿನ ಪುಡಿ, ಎಣ್ಣೆ ಡಬ್ಬಿಯ ಅಡಿಯಲ್ಲಿ ಕಟ್ಟಿದ ಜಿಡ್ಡಿನ ಉಂಗುರ, ಚಿಮಣಿಯ ಜಾಲರಿ. ಜಿರಳೆಗೆ ಆ ಜಿಡ್ಡೇ ಸಾಕು. ರಟ್ಟಿನ ಪೆಟ್ಟಿಗೆ ಕೂಡಿಡುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ರಟ್ಟಿನ ಪದರಗಳ ನಡುವೆ ಜಿರಳೆ ಸಂಸಾರ ಹೂಡುತ್ತದೆ.

ಹೆಜ್ಜೆ 4: ಸಂದು ಮುಚ್ಚಿ

ಸಣ್ಣ ಜಿರಳೆಗೆ ತುಂಬ ಇಷ್ಟವಾದ ಸಂದು ಸುಮಾರು 5 ಮಿಲಿಮೀಟರ್ ಅಗಲದ್ದು. ಬೆನ್ನಿಗೂ ಹೊಟ್ಟೆಗೂ ಏನಾದರೂ ತಾಗುತ್ತಿದ್ದರೆ ಅದಕ್ಕೆ ನೆಮ್ಮದಿ. ಸುಂಡಿಲಿಗೆ 6 ಮಿಲಿಮೀಟರ್ ತೂತು ಸಾಕು. ಅಂದರೆ ಪೆನ್ಸಿಲ್ ತೂರಿದರೆ ಇಲಿಯೂ ತೂರಿತು ಅಂತಲೇ. ದೊಡ್ಡ ಇಲಿಗೆ 12 ಮಿಲಿಮೀಟರ್ ಬೇಕು. ಪೆನ್ಸಿಲ್ ಹಿಡಿದುಕೊಂಡೇ ಮನೆ ಸುತ್ತಿ. ಪೈಪು ಗೋಡೆಯೊಳಗೆ ಹೋಗುವ ಕಡೆ, ವೈರು ಬರುವ ತೂತು, ಬಾಗಿಲ ಕೆಳಗಿನ ಖಾಲಿ ಜಾಗ, ಕಿಟಕಿ ಚೌಕಟ್ಟಿನ ಬಿರುಕು, ಎಲ್ಲವನ್ನೂ ಪರೀಕ್ಷೆ ಮಾಡಿ.

ಸಣ್ಣ ಬಿರುಕಿಗೆ ಸಿಲಿಕೋನ್ ಸೀಲೆಂಟ್ ಅಥವಾ ಬಿಳಿ ಸಿಮೆಂಟ್ ಸಾಕು. ಇಲಿ ಬರುವ ತೂತಿಗೆ ಬರೀ ಬಟ್ಟೆ, ಥರ್ಮೋಕೋಲ್, ಫೋಮ್ ತುಂಬಬೇಡಿ. ಇಲಿಯ ಮುಂದಿನ ಹಲ್ಲು ಜೀವನವಿಡೀ ಬೆಳೆಯುತ್ತಲೇ ಇರುತ್ತದೆ, ಕಡಿಯುವುದು ಅದಕ್ಕೆ ನಿತ್ಯದ ಕೆಲಸ. ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ಒತ್ತಿ ತುಂಬಿ, ಮೇಲೆ ಸಿಮೆಂಟ್ ಮೆತ್ತಿ.

ಮನೆಯೊಳಗೆ ಇಲಿ ಓಡಾಡುತ್ತಿದ್ದರೆ ಮೊದಲು ಹಿಡಿದು, ಆಮೇಲೆ ಮುಚ್ಚಿ. ಒಳಗಿದ್ದದ್ದು ಒಳಗೇ ಸಿಕ್ಕಿಕೊಂಡರೆ ನಾತ ತಡೆಯಲಾಗುವುದಿಲ್ಲ.

ಇಷ್ಟು ಮಾಡಿ ಒಂದು ವಾರ ಕಾಯಿರಿ. ಕೆಲವು ಮನೆಗಳಲ್ಲಿ ಇಲ್ಲಿಗೇ ಅರ್ಧ ಕಾಟ ಇಳಿದಿರುತ್ತದೆ. ಉಳಿದದ್ದಕ್ಕೆ ಈಗ ಒಂದೊಂದಾಗಿ ಮದ್ದು.

ಜಿರಳೆ

ಎರಡು ಜಾತಿಯನ್ನು ಬೇರೆ ಮಾಡಿಕೊಳ್ಳಿ. ತಿಳಿ ಕಂದು ಬಣ್ಣ, ಒಂದೂವರೆ ಸೆಂಟಿಮೀಟರ್ ಉದ್ದ, ತಲೆಯ ಹಿಂದೆ ಎರಡು ಕಪ್ಪು ಗೆರೆ ಇದ್ದರೆ ಅದು ಜರ್ಮನ್ ಜಿರಳೆ. ಅಡುಗೆಮನೆಯೇ ಅದರ ಊರು. ಒಂದು ಮೊಟ್ಟೆ ಚೀಲದಲ್ಲಿ 30 ರಿಂದ 40 ಮೊಟ್ಟೆ. ಒಡೆಯುವ ಹೊತ್ತಿನವರೆಗೂ ತಾಯಿ ಆ ಚೀಲವನ್ನು ಹೊತ್ತುಕೊಂಡೇ ತಿರುಗುತ್ತದೆ. ಕೆಂಪಗೆ, ದೊಡ್ಡದಾಗಿ, ಮೋರಿಯಿಂದ ಏರಿ ಬರುವುದು ಅಮೆರಿಕನ್ ಜಿರಳೆ. ಅದರ ಚೀಲದಲ್ಲಿ ಸುಮಾರು 15 ಮೊಟ್ಟೆ. ಎರಡನೆಯದಕ್ಕೆ ಮೋರಿ ಮುಚ್ಚಿದರೆ ಬಹುಪಾಲು ಕೆಲಸ ಮುಗಿಯಿತು. ನಿಜವಾದ ತಲೆನೋವು ಮೊದಲನೆಯದು.

ಅದಕ್ಕೆ ನಾನು ನಂಬುವ ಮದ್ದು ಬೋರಿಕ್ ಪೌಡರ್. ಇದರ ಮೂಲ ನೆಲದಿಂದ ತೆಗೆಯುವ ಖನಿಜ. ಜಿರಳೆ ಅದರ ಮೇಲೆ ನಡೆದಾಗ ಕಾಲಿಗೆ, ಮೀಸೆಗೆ ಅಂಟುತ್ತದೆ. ಮೈ ನೆಕ್ಕಿ ಶುಚಿ ಮಾಡಿಕೊಳ್ಳುವಾಗ ಹೊಟ್ಟೆಗೆ ಹೋಗುತ್ತದೆ. ನಿಧಾನ ಮದ್ದು, ಆದರೆ ಒಣಗಿರುವವರೆಗೂ ಶಕ್ತಿ ಕಳೆದುಕೊಳ್ಳುವುದಿಲ್ಲ.

ಹಾಕುವ ಕ್ರಮದಲ್ಲೇ ಎಲ್ಲರೂ ಎಡವುವುದು. ಜಾಸ್ತಿ ಹಾಕಿದರೆ ಜಾಸ್ತಿ ಸಾಯುತ್ತವೆ ಅಂತಲ್ಲ. ಗುಡ್ಡೆ ಹಾಕಿದರೆ ಜಿರಳೆ ಸುತ್ತು ಹಾಕಿಕೊಂಡು ಹೋಗುತ್ತದೆ. ಮೂತಿ ಚೂಪಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕಾಲು ಭಾಗ ಪುಡಿ ತುಂಬಿ, ಕುಲುಕಿ, ಸಂದಿನೊಳಗೆ ಒಮ್ಮೆ ಮೆಲ್ಲಗೆ ಒತ್ತಿ. ಪುಡಿ ಬಿದ್ದಿದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗಿರಬೇಕು. ಫ್ರಿಜ್ ಅಡಿ, ಸಿಂಕಿನ ಪೈಪಿನ ಸುತ್ತ, ಕಪಾಟು ಗೋಡೆಗೆ ತಾಗುವ ಹಿಂಬದಿ ಇವಕ್ಕೆ ಸರಿ. ಅಡುಗೆ ಕಟ್ಟೆಯ ಮೇಲೆ, ಪಾತ್ರೆಯ ಹತ್ತಿರ, ಮಗು ಅಂಬೆಗಾಲಿಡುವ ನೆಲದ ಮೇಲೆ ಬೇಡ. ಹೊಟ್ಟೆಗೆ ಹೋದರೆ ಮನುಷ್ಯರಿಗೂ ಅದು ವಿಷವೇ. ಕೈಗವಸು, ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿ. ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆದು ಎತ್ತರದಲ್ಲಿಡಿ. ಅಡಿಗೆ ಸೋಡಾ, ಸಕ್ಕರೆ, ಬೋರಿಕ್ ಮೂರೂ ಬೆಳ್ಳಗೇ ಇರುತ್ತವೆ ಅಲ್ವಾ?

ಪುಡಿ ಹಾಕಲಾಗದ ಕಡೆ ಉಂಡೆ ಇಡಬಹುದು. ಬೋರಿಕ್ 1 ಚಮಚ, ಸಕ್ಕರೆ 1 ಚಮಚ, ಹಿಟ್ಟು 2 ಚಮಚ, ಕಲಸಲು ಬೇಕಾದಷ್ಟು ನೀರು. ಗೋಲಿಗಿಂತ ಚಿಕ್ಕ ಉಂಡೆ ಮಾಡಿ, ಬಾಟಲಿ ಮುಚ್ಚಳದಲ್ಲಿಟ್ಟು, ಮಕ್ಕಳು ನಾಯಿ ಬೆಕ್ಕು ಮುಟ್ಟದ ಸಂದಿಗೆ ತಳ್ಳಿ. ಒಣಗಿ ಕಲ್ಲಾದರೆ ಬದಲಿಸಿ. ಉಂಡೆ ಇಟ್ಟ ಜಾಗದ ಸುತ್ತ ಬೇವಿನ ಎಣ್ಣೆ, ಲವಂಗ, ಫಿನಾಯಿಲ್ ಏನೂ ಇರಬಾರದು. ಒಂದು ಕಡೆ ಊಟಕ್ಕೆ ಕರೆದು ಇನ್ನೊಂದು ಕಡೆ ಓಡಿಸಿದರೆ ಹೇಗೆ?

ಬೋರಿಕ್ ಬೇಡ ಅನ್ನುವವರು ಡಯಾಟೊಮೇಶಿಯಸ್ ಅರ್ತ್ ಎಂಬ ಪುಡಿ ಬಳಸಬಹುದು. ನೀರಿನ ಸೂಕ್ಷ್ಮ ಪಾಚಿಗಳ ಪಳೆಯುಳಿಕೆಯ ಪುಡಿ ಅದು. ಹುಳದ ಮೈಮೇಲಿನ ಮೇಣದ ಪದರವನ್ನು ಹೀರಿ ಅದನ್ನು ಒಣಗಿಸಿ ಕೊಲ್ಲುತ್ತದೆ. ಒದ್ದೆ ಜಾಗದಲ್ಲಿ ಕೆಲಸಕ್ಕೆ ಬಾರದು. ಕೊಳ್ಳುವಾಗ ಫುಡ್ ಗ್ರೇಡ್ ಅಂತ ಬರೆದದ್ದನ್ನೇ ತೆಗೆದುಕೊಳ್ಳಿ. ಈಜುಕೊಳದ ಫಿಲ್ಟರಿಗೆ ಬಳಸುವುದು ಬೇರೆ, ಅದರ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಫುಡ್ ಗ್ರೇಡ್ ಆದರೂ ಹಾಕುವಾಗ ಮಾಸ್ಕ್ ಇರಲಿ.

ಕಣ್ಣೆದುರು ಓಡುವ ಜಿರಳೆಗೆ ಸ್ಪ್ರೇ ಬಾಟಲಿಯಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ಅದು ಉಸಿರಾಡುವುದು ಮೈಯ ಪಕ್ಕದಲ್ಲಿರುವ ಸಣ್ಣ ತೂತುಗಳಿಂದ. ಸೋಪಿನ ನೀರು ಅವನ್ನು ಮುಚ್ಚಿಬಿಡುತ್ತದೆ.

ಎಷ್ಟು ದಿನ? ಮರಿ ದೊಡ್ಡದಾಗಲು ಎರಡು ತಿಂಗಳ ಹತ್ತಿರ ಬೇಕು. ಮೊಟ್ಟೆ ಚೀಲದೊಳಗೆ ಯಾವ ಪುಡಿಯೂ ಹೋಗುವುದಿಲ್ಲ. ಹಾಗಾಗಿ ಎರಡು ವಾರದಲ್ಲಿ ಕಡಿಮೆಯಾಯಿತು ಅಂತ ನಿಲ್ಲಿಸಿದರೆ ಮತ್ತೆ ಮೊದಲಿನಿಂದ. ಎರಡೂವರೆ ತಿಂಗಳು ಬಿಡದೆ ಮಾಡಿ.

ಇರುವೆ

ಇರುವೆ ಸಾಲು ಕಂಡ ಕೂಡಲೇ ಏನಾದರೂ ಸಿಂಪಡಿಸುವ ಕೈ ತಡೆಯಿರಿ. ಸಾಲಿನಲ್ಲಿ ಕಾಣುವುದು ಗೂಡಿನ ಒಂದು ಚಿಕ್ಕ ಪಾಲು. ಅದನ್ನು ಕೊಂದರೆ ರಾಣಿ ಇನ್ನಷ್ಟು ಹುಟ್ಟಿಸುತ್ತದೆ. ಫೇರೋ ಇರುವೆ ಅಂತ ಹಳದಿ ಬಣ್ಣದ ತೀರಾ ಸಣ್ಣ ಜಾತಿಯೊಂದಿದೆ. ಅದಕ್ಕೆ ಸ್ಪ್ರೇ ಹೊಡೆದರೆ ಗೂಡು ಒಡೆದು ನಾಲ್ಕಾರು ಗೂಡಾಗುತ್ತದೆ. ಒಂದು ಕಡೆ ಇದ್ದ ಕಾಟ ಮನೆ ತುಂಬ ಹರಡುತ್ತದೆ.

ರಾಣಿಗೂ ಮರಿಗಳಿಗೂ ವಿಷ ಮುಟ್ಟಿಸಲು ಕೆಲಸಗಾರ ಇರುವೆಗಳನ್ನೇ ಬಳಸಿಕೊಳ್ಳಬೇಕು.

ಮೊದಲು ಅವಕ್ಕೆ ಏನು ಇಷ್ಟ ಅಂತ ನೋಡಿ. ಒಂದು ಕಾಗದದ ಚೂರಿನ ಮೇಲೆ ಒಂದು ಕಡೆ ಸಕ್ಕರೆ ನೀರಿನ ಹನಿ, ಇನ್ನೊಂದು ಕಡೆ ಎಣ್ಣೆ ಜಿಡ್ಡಿನ ತಿಂಡಿಯ ಚೂರು ಇಟ್ಟು ಸಾಲಿನ ಪಕ್ಕ ಬಿಡಿ. ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಬಹಳಷ್ಟು ಸಲ ಸಿಹಿಗೇ ಮುತ್ತುತ್ತವೆ.

ಸಿಹಿಯಾದರೆ ಈ ಅಳತೆ: ಬಿಸಿನೀರು 240 ಮಿಲಿಲೀಟರ್, ಸಕ್ಕರೆ 3 ದೊಡ್ಡ ಚಮಚ, ಬೋರಿಕ್ ಪೌಡರ್ ಅರ್ಧ ಟೀ ಚಮಚ. ಪೂರ್ತಿ ಕರಗಿಸಿ, ಆರಿಸಿ, ಹತ್ತಿಯ ಉಂಡೆಯನ್ನು ಅದ್ದಿ ಬಾಟಲಿ ಮುಚ್ಚಳದಲ್ಲಿಡಿ. ಬೋರಿಕ್ ಶೇಕಡಾ 1ರ ಆಸುಪಾಸಿನಲ್ಲೇ ಇರಬೇಕು. ಜಾಸ್ತಿಯಾದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ಇಲ್ಲವೇ ಮೂಸಿ ಬಿಟ್ಟು ಹೋಗುತ್ತದೆ. ಗೂಡಿಗೆ ಮುಟ್ಟಬೇಕಾದರೆ ಅದು ಆರಾಮಾಗಿ ಮನೆಗೆ ಹೋಗಿ ಬಾಯಿಂದ ಬಾಯಿಗೆ ಹಂಚಬೇಕು. ಎಣ್ಣೆಗೆ ಮುತ್ತಿದರೆ ಅದೇ ಪ್ರಮಾಣದ ಬೋರಿಕ್ಕನ್ನು ಜಿಡ್ಡಿನ ತಿಂಡಿಯಲ್ಲಿ ಬೆರೆಸಿ.

ಮೊದಲ ದಿನ ಇರುವೆ ಕಡಿಮೆಯಾಗುವುದಿಲ್ಲ, ಹತ್ತು ಪಟ್ಟು ಬರುತ್ತವೆ. ಮನೆಯವರು ಗಾಬರಿಯಾಗಿ ಒರೆಸಲು ಬರುತ್ತಾರೆ. ಬಿಡಬೇಡಿ! ಹಾಗೆ ಮುತ್ತುವುದೇ ನಮಗೆ ಬೇಕಿರುವುದು. ಎರಡು ಮೂರು ದಿನಕ್ಕೊಮ್ಮೆ ಹತ್ತಿ ಬದಲಿಸಿ. ಒಂದೆರಡು ವಾರದಲ್ಲಿ ಸಾಲು ತೆಳುವಾಗುತ್ತದೆ. ಪೂರ್ತಿ ನಿಂತ ಮೇಲೆ ಸಾಲು ಹೋಗುತ್ತಿದ್ದ ದಾರಿಯನ್ನು ಸೋಪಿನ ನೀರು ಅಥವಾ ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ. ಇರುವೆಗಳು ಬಿಟ್ಟುಹೋದ ವಾಸನೆಯ ಗುರುತು ಅಳಿಸುತ್ತದೆ. ಈ ಒರೆಸುವ ಕೆಲಸ ಮೊದಲೇ ಮಾಡಿದರೆ ಮದ್ದಿನ ದಾರಿಯನ್ನು ನಾವೇ ಅಳಿಸಿದಂತೆ.

ಇರುವೆಗೆ ಗೆರೆ ಎಳೆಯಲು ಸಿಗುವ ಬಿಳಿ ಕಡ್ಡಿಯನ್ನು ಮನೆಮದ್ದು ಅಂತ ಬಹಳ ಜನ ನಂಬಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಕೀಟನಾಶಕ ಬೆರೆಸಿರುತ್ತಾರೆ. ಮಕ್ಕಳ ಕೈಗೆ ಅದು ಬರೀ ಸೀಮೆಸುಣ್ಣ. ಹಾಗಾಗಿ ನನ್ನ ಪಟ್ಟಿಯಲ್ಲಿ ಅದಿಲ್ಲ.

ಕಾಳು, ಹಿಟ್ಟು, ಅಕ್ಕಿಯ ಹುಳ

ಹುಳ ಮನೆಯಲ್ಲಿ ಹುಟ್ಟಿತು ಅಂದುಕೊಳ್ಳುತ್ತೇವೆ. ಬಹಳ ಸಲ ಚೀಲದೊಳಗೇ ಬಂದಿರುತ್ತದೆ. ಅಕ್ಕಿಯ ಮೂತಿ ಹುಳ ಕಾಳಿಗೆ ಸಣ್ಣ ತೂತು ಕೊರೆದು, ಒಳಗೆ ಮೊಟ್ಟೆ ಇಟ್ಟು, ಬಾಯಿ ಮೆತ್ತಿಬಿಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬೇಳೆಕಾಳಿನ ಕುಟ್ಟೆ ಹುಳದ ಮೊಟ್ಟೆ ಹಾಗಲ್ಲ, ಕಣ್ಣಿಗೆ ಬೀಳುತ್ತದೆ. ಹೆಸರುಕಾಳನ್ನೋ ಕಡಲೆಯನ್ನೋ ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ. ಸಿಪ್ಪೆಯ ಮೇಲೆ ಉಗುರಿಗೆ ಸಿಗುವ ಬಿಳಿ ಚುಕ್ಕೆ ಅಂಟಿದ್ದರೆ ಅದೇ ಮೊಟ್ಟೆ. ದುಂಡಗಿನ ತೂತು ಬಿದ್ದಿದ್ದರೆ ಹುಳ ಆಗಲೇ ಹೊರಟುಹೋಗಿದೆ.

ಹೊಸ ಚೀಲವನ್ನು ಹಳೆಯ ಡಬ್ಬಿಗೆ ಹಾಗೇ ಸುರಿಯಬೇಡಿ. ಫ್ರೀಜರ್‌ನಲ್ಲಿ ಜಾಗವಿದ್ದರೆ ಮೈನಸ್ 18 ಡಿಗ್ರಿಯಲ್ಲಿ ಕನಿಷ್ಠ 4 ದಿನ ಇಡಿ. ಚೀಲ ದೊಡ್ಡದಿದ್ದರೆ ಒಂದು ವಾರ, ನಡುಭಾಗಕ್ಕೆ ತಂಪು ಮುಟ್ಟಲು ಸಮಯ ಬೇಕು. ಮೊಟ್ಟೆ, ಮರಿ, ಹುಳ ಮೂರೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಕೋಣೆಯ ಬಿಸಿಗೆ ಬರಲು ಬಿಡಿ. ಇಲ್ಲದಿದ್ದರೆ ತೇವ ಹಿಡಿದು ಬೂಷ್ಟು ಬರುತ್ತದೆ.

ಫ್ರೀಜರ್ ಇಲ್ಲದವರಿಗೆ ಬಿಸಿಲಿದೆ. ಆದರೆ ಬಿಸಿಲಿಗೆ ಹರಡಿದ ಕೂಡಲೇ ದೊಡ್ಡ ಹುಳ ಎದ್ದು ಹೋಗುತ್ತದೆ, ಒಳಗಿನ ಮರಿ ಉಳಿಯುತ್ತದೆ. ಅದೂ ಸಾಯಬೇಕಾದರೆ ಕಾಳಿನ ಬಿಸಿ 55 ಡಿಗ್ರಿಯ ಹತ್ತಿರ ಹೋಗಬೇಕು. ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ, ಅಂಚುಗಳಿಗೆ ಭಾರ ಇಟ್ಟರೆ ಕಡು ಬಿಸಿಲಲ್ಲಿ ಅಷ್ಟು ಬಿಸಿ ಬರುತ್ತದೆ. ಬಿತ್ತನೆಗೆ ಇಟ್ಟ ಕಾಳಾದರೆ ಇದನ್ನು ಮಾಡಬೇಡಿ, ಮೊಳಕೆ ಕೆಡಬಹುದು.

ಕಾಳಿಗೆ ಎಣ್ಣೆ ಸವರಿ ಇಡುವುದು ಹಳೆಯ ಉಪಾಯ, ಇವತ್ತಿಗೂ ಗಟ್ಟಿ ಉಪಾಯ. 1 ಕೆ.ಜಿ.ಗೆ ಸುಮಾರು 5 ಮಿಲಿಲೀಟರ್ ಅಡುಗೆ ಎಣ್ಣೆ ಸಾಕು. ಮೊಟ್ಟೆಗೆ ಗಾಳಿ ಸಿಗದೆ ಸಾಯುತ್ತದೆ. ಒಣ ಬೇವಿನೆಲೆ, ಲವಂಗ, ಪಲಾವ್ ಎಲೆ ಹಾಕುವುದರಿಂದ ಹೊಸದಾಗಿ ಬರುವ ಹುಳ ಸ್ವಲ್ಪ ಹಿಂಜರಿಯಬಹುದು. ಕಾಳಿನೊಳಗೆ ಆಗಲೇ ಕೂತ ಮರಿಗೆ ಅದರಿಂದ ಏನೂ ಆಗುವುದಿಲ್ಲ.

ಡಬ್ಬಿ ಬಿಗಿಯಾಗಿರಲಿ, ಕತ್ತಿನವರೆಗೂ ತುಂಬಿರಲಿ. ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಹುಳ ಬೇಗ ಉಸಿರುಗಟ್ಟುತ್ತದೆ. ಹಿಟ್ಟಿನಲ್ಲಿ ಬಲೆ ಬಲೆಯಾಗಿ ಎಳೆ ಕಂಡರೆ ಅದು ಪತಂಗದ ಮರಿ. ಜರಡಿ ಹಿಡಿದು ಬಳಸುವ ಆಸೆ ಬಿಟ್ಟು ಎಸೆದುಬಿಡಿ. ಡಬ್ಬಿಯ ಮುಚ್ಚಳದ ಸುರುಳಿ, ಕಪಾಟಿನ ಮೂಲೆ ಎರಡನ್ನೂ ಬ್ರಷ್‌ನಲ್ಲಿ ಉಜ್ಜಿ.

ಸೊಳ್ಳೆ

ಸೊಳ್ಳೆಯ ಮಟ್ಟಿಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವೇ. ಕುಂಡದಲ್ಲಿ ನಿಂಬೆಹುಲ್ಲು ಬೆಳೆಸಿದರೆ ಸೊಳ್ಳೆ ಬರುವುದಿಲ್ಲ ಅನ್ನುವುದು ಸುಮ್ನೆ ಮಾತು. ಎಲೆ ಹಿಂಡದೆ ಎಣ್ಣೆ ಹೊರಗೆ ಬರುವುದಿಲ್ಲ. ಬೇವಿನ ಸೊಪ್ಪಿನ ಹೊಗೆ ಸೊಳ್ಳೆಗಿಂತ ಮೊದಲು ನಮಗೇ ಕೆಮ್ಮು ತರುತ್ತದೆ. ಅಸ್ತಮಾ ಇರುವವರ ಮನೆಯಲ್ಲಿ ಯಾವ ಹೊಗೆಯೂ ಬೇಡ.

ಕೆಲಸ ಮಾಡುವುದು ನೀರಿನ ಲೆಕ್ಕ. ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚನೆಯ ಹವೆಯಲ್ಲಿ 7 ರಿಂದ 10 ದಿನ. ವಾರಕ್ಕೊಮ್ಮೆ ನಿಂತ ನೀರನ್ನೆಲ್ಲ ಚೆಲ್ಲಿದರೆ ಸರಪಳಿ ಕಡಿಯುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇನ್ನೂ ಜಾಣ. ಮೊಟ್ಟೆಯನ್ನು ನೀರಿಗಲ್ಲ, ನೀರಿನ ಅಂಚಿನ ಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ನೀರು ತಾಗಿದಾಗ ಒಡೆಯುತ್ತದೆ. ಹಾಗಾಗಿ ಡ್ರಮ್ ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ಗಟ್ಟಿ ಬ್ರಷ್‌ನಿಂದ ತಿಕ್ಕಬೇಕು. ಫ್ರಿಜ್ ಹಿಂದಿನ ತಟ್ಟೆ, ಕುಂಡದ ಕೆಳಗಿನ ತಟ್ಟೆ, ಏಸಿ ನೀರು ಬೀಳುವ ಬಕೆಟ್, ಕೂಲರ್, ಚಾವಣಿಯ ದೋಣಿ, ಬಳಸದ ಕಮೋಡ್ ಇವನ್ನೆಲ್ಲ ವಾರದ ಒಂದು ದಿನ ಗೊತ್ತು ಮಾಡಿಕೊಂಡು ನೋಡಿ.

ಚೆಲ್ಲಲಾಗದ ನೀರಿಗೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಬಿಲ್ಲೆ ಅಥವಾ ಪುಡಿ ಸಿಗುತ್ತದೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ನೀರಗುಂಡಿಯಲ್ಲಿ ಸಿಕ್ಕ ಜೀವಿ ಅದು. ಸೊಳ್ಳೆ ಮರಿಯ ಹೊಟ್ಟೆ ಕೆಡಿಸುತ್ತದೆ, ಮನುಷ್ಯರಿಗೆ, ಮೀನಿಗೆ, ಜೇನಿಗೆ ತೊಂದರೆ ಇಲ್ಲ. ತೊಟ್ಟಿಯಲ್ಲಿ ಗಪ್ಪಿ ಮೀನು ಬಿಡುವುದೂ ಸರಿ. ಕೆರೆ ಹೊಳೆಗೆ ಮಾತ್ರ ಬಿಡಬೇಡಿ, ಅಲ್ಲಿಯ ಮೀನುಗಳಿಗೆ ಅದು ಕಂಟಕ.

ಒಳಗೆ ಬಂದ ಸೊಳ್ಳೆಗೆ ಕಿಟಕಿಯ ಜಾಲರಿ, ಸೊಳ್ಳೆ ಪರದೆ, ಫ್ಯಾನ್. ಜಾಲರಿಯ ಕಣ್ಣು 1.2 ಮಿಲಿಮೀಟರ್‌ಗಿಂತ ದೊಡ್ಡದಿರಬಾರದು. ಸೊಳ್ಳೆ ಹಾರಾಟದಲ್ಲಿ ಬಲಹೀನ, ಫ್ಯಾನಿನ ಗಾಳಿಗೆ ನಿಲ್ಲಲಾರದು. ಮೈಗೆ ಹಚ್ಚಲು ಬೇಕಿದ್ದರೆ ನಿಂಬೆ ನೀಲಗಿರಿಯಿಂದ ತೆಗೆದ ಪಿಎಂಡಿ ಇರುವ ಮುಲಾಮು ಗಿಡದ ಮದ್ದುಗಳಲ್ಲಿ ಚೆನ್ನಾಗಿ ತಡೆಯುತ್ತದೆ. 3 ವರ್ಷದೊಳಗಿನ ಮಕ್ಕಳಿಗೆ ಬೇಡ. ಸಿಟ್ರೊನೆಲ್ಲಾ ಎಣ್ಣೆಯ ಆಯಸ್ಸು ತುಂಬ ಕಡಿಮೆ, ಬೇಗ ಆರಿಹೋಗುತ್ತದೆ.

ಇಲಿ

ತೂತು ಮುಚ್ಚುವ ಮಾತು ಆಗಲೇ ಆಯಿತು. ಹಿಡಿಯಲು ಬೋನು ಅಥವಾ ಸ್ಪ್ರಿಂಗ್ ಕತ್ತರಿ. ಗೋಡೆಯ ಬುಡಕ್ಕೆ ಅಡ್ಡವಾಗಿ, ತಿಂಡಿ ಇರುವ ತುದಿ ಗೋಡೆಯ ಕಡೆಗೆ ಬರುವಂತೆ ಇಡಿ. ಇಲಿ ಬಯಲಲ್ಲಿ ಓಡುವುದಿಲ್ಲ, ಮೀಸೆ ಗೋಡೆಗೆ ತಾಗಿಸಿಕೊಂಡೇ ಹೋಗುತ್ತದೆ. ಸುಂಡಿಲಿಗೆ ಹೊಸದೆಂದರೆ ಕುತೂಹಲ, ಮೊದಲ ರಾತ್ರಿಯೇ ಬೀಳಬಹುದು. ದೊಡ್ಡ ಇಲಿಗೆ ಹೊಸ ವಸ್ತು ಅಂದರೆ ಅನುಮಾನ. ಅದಕ್ಕೆ ಕೆಲವು ದಿನ ಕತ್ತರಿ ಬಿಗಿಯದೆ ಬರೀ ತಿಂಡಿ ಇಟ್ಟು ಅಭ್ಯಾಸ ಮಾಡಿಸಿ, ಆಮೇಲೆ ಬಿಗಿಯಿರಿ. ತಿಂಡಿ ಕಡಲೆಕಾಳಿನಷ್ಟು ಸಾಕು. ಜಾಸ್ತಿ ಇಟ್ಟರೆ ಅಂಚಿನಿಂದ ಕದ್ದು ತಿಂದು ಹೋಗುತ್ತದೆ.

ಗೋಂದಿನ ಹಲಗೆ ನನಗೆ ಒಗ್ಗುವುದಿಲ್ಲ. ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಪಾಷಾಣ ಹಾಕಿದರೆ ಇಲಿ ಎಲ್ಲೋ ಅಟ್ಟದಲ್ಲಿ ಸತ್ತು ನಾರುತ್ತದೆ, ಅದನ್ನು ತಿಂದ ಬೆಕ್ಕು ಗೂಬೆಗೂ ವಿಷ. ಕಿವಿಗೆ ಕೇಳದ ಶಬ್ದ ಮಾಡಿ ಇಲಿ ಓಡಿಸುತ್ತೇವೆ ಅನ್ನುವ ಪ್ಲಗ್ ಯಂತ್ರಗಳಿಗೆ ದುಡ್ಡು ಹಾಕಬೇಡಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇಂಥ ಯಂತ್ರದ 60ಕ್ಕೂ ಹೆಚ್ಚು ತಯಾರಕರು, ಮಾರಾಟಗಾರರಿಗೆ ನಿಮ್ಮ ಮಾತಿಗೆ ಪುರಾವೆ ಬೇಕು ಎಂದು ಎಚ್ಚರಿಕೆ ಪತ್ರ ಕಳಿಸಿತ್ತು.

ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ. ದೂಳಿನ ಜೊತೆ ರೋಗಾಣು ಮೂಗಿಗೆ ಹೋಗುತ್ತದೆ. ಸೋಂಕುನಿವಾರಕ ಸಿಂಪಡಿಸಿ 5 ನಿಮಿಷ ನೆನೆಸಿ, ಕೈಗವಸು ಹಾಕಿ ಕಾಗದದಲ್ಲಿ ಒರೆಸಿ ತೆಗೆಯಿರಿ.

ತಿಗಣೆ

ತಿಗಣೆ ಬಂದರೆ ಮನೆ ಕೊಳಕು ಅಂತ ಅರ್ಥವಲ್ಲ. ಸೂಟ್‌ಕೇಸು, ಹಳೆ ಮಂಚ, ಸೋಫಾ ಇವುಗಳ ಜೊತೆ ಯಾರ ಮನೆಗೂ ಬರಬಹುದು. ಹಾಸಿಗೆಯ ಹೊಲಿಗೆಯನ್ನು ಬಿಡಿಸಿ ನೋಡಿ. ಒದ್ದೆ ಬಟ್ಟೆಯಲ್ಲಿ ಉಜ್ಜಿದಾಗ ಕಂದಾಗಿ ಹರಡುವ ಕಪ್ಪು ಚುಕ್ಕೆ ಇದ್ದರೆ ತಿಗಣೆ ಇದೆ.

ಇದಕ್ಕೆ ಮದ್ದು ಬಿಸಿ. ಹೊದಿಕೆ, ದಿಂಬಿನ ಕವರು, ಬಟ್ಟೆ ಎಲ್ಲವನ್ನೂ ಆ ಕೋಣೆಯಲ್ಲೇ ಚೀಲಕ್ಕೆ ಹಾಕಿ, ಗಂಟು ಕಟ್ಟಿ, 60 ಡಿಗ್ರಿ ನೀರಲ್ಲಿ ಒಗೆಯಿರಿ. ಡ್ರೈಯರ್ ಇದ್ದರೆ ಹೆಚ್ಚಿನ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿ. ಒಗೆಯಲಾಗದ ಪುಸ್ತಕ, ಆಟಿಕೆಗಳನ್ನು ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 4 ದಿನ ಇಡಿ. ಮಂಚದ ಸಂದು, ಹಾಸಿಗೆಯ ಅಂಚಿಗೆ ಸ್ಟೀಮರ್ ಹಿಡಿಯಿರಿ. ಬೇಗ ಬೇಗ ಓಡಿಸಿದರೆ ಹಬೆ ಒಳಗೆ ಹೋಗುವುದಿಲ್ಲ, ನಿಧಾನ ಮಾಡಿ. ಆಮೇಲೆ ಹಾಸಿಗೆಗೆ ಜಿಪ್ ಇರುವ ಪೂರ್ತಿ ಕವರ್ ಹಾಕಿ ಒಂದು ವರ್ಷ ತೆಗೆಯಬೇಡಿ. ಹಸಿದುಕೊಂಡೇ ತಿಂಗಳುಗಟ್ಟಲೆ ಬದುಕುವ ಜೀವಿ ಅದು. ಮಂಚವನ್ನು ಗೋಡೆಯಿಂದ ದೂರ ಎಳೆದು, ಕಾಲುಗಳ ಕೆಳಗೆ ಒಳಗೋಡೆ ನುಣುಪಾದ ಬಟ್ಟಲು ಇಡಿ. ಏರಲು ಬಂದ ತಿಗಣೆ ಅದರಲ್ಲಿ ಬೀಳುತ್ತದೆ, ಎಷ್ಟಿವೆ ಅಂತ ಲೆಕ್ಕವೂ ಸಿಗುತ್ತದೆ.

ಸೀಮೆಎಣ್ಣೆ, ಪೆಟ್ರೋಲ್ ಸುರಿಯಬೇಡಿ. ಬೆಂಕಿ ಹತ್ತಿದರೆ ಮನೆಯೇ ಹೋಗುತ್ತದೆ. ಕೋಣೆ ಬದಲಿಸಿ ಮಲಗುವುದೂ ಬೇಡ, ತಿಗಣೆ ಹಿಂದೆಯೇ ಬಂದು ಎರಡನೇ ಕೋಣೆಯೂ ಕೆಡುತ್ತದೆ.

ಉಳಿದ ಚಿಲ್ಲರೆ ಕಾಟ

ಹಣ್ಣಿನ ಮೇಲೆ ಗುಂಗುರು ಹಾರಾಡಿದರೆ ಲೋಟದಲ್ಲಿ ಎರಡು ಬೆರಳಿನಷ್ಟು ವಿನೆಗರ್, ಒಂದು ಹನಿ ಪಾತ್ರೆ ಸೋಪು ಹಾಕಿಡಿ. ವಾಸನೆಗೆ ಬಂದು ಕೂತವು ಮುಳುಗುತ್ತವೆ. ಸೋಪು ಇಲ್ಲದಿದ್ದರೆ ನೀರಿನ ಮೇಲೇ ನಿಂತು ಹಾರಿಹೋಗುತ್ತವೆ. ಮೂಲ ಹಣ್ಣೋ ಮೋರಿಯೋ ಗೊತ್ತಾಗದಿದ್ದರೆ ರಾತ್ರಿ ಮೋರಿಯ ಬಾಯಿಗೆ ಪಾರದರ್ಶಕ ಟೇಪನ್ನು ಅಂಟು ಕೆಳಗಾಗಿ ಹಚ್ಚಿ. ಬೆಳಿಗ್ಗೆ ಅದಕ್ಕೆ ಹುಳ ಅಂಟಿದ್ದರೆ ಮೋರಿಯೇ ಮೂಲ. ಉದ್ದ ಬ್ರಷ್ ಹಾಕಿ ಒಳಗಿನ ಲೋಳೆ ಕೆರೆದು ತೆಗೆಯಿರಿ. ಬರೀ ಬಿಸಿನೀರು ಸುರಿದರೆ ಲೋಳೆ ಬಿಡುವುದಿಲ್ಲ.

ಪುಸ್ತಕದ ಬೆಳ್ಳಿ ಹುಳಕ್ಕೆ ತೇವ ಬೇಕು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ ಗಾಳಿಯಾಡಿಸಿ.

ಹಲ್ಲಿಯನ್ನು ಅದರ ಪಾಡಿಗೆ ಬಿಡಿ. ಮನೆಯ ಹಲ್ಲಿಗೆ ವಿಷವಿಲ್ಲ, ಹುಳ ತಿಂದು ಬದುಕುತ್ತದೆ. ಹುಳ ಕಡಿಮೆಯಾದರೆ ಅದೂ ಕಡಿಮೆಯಾಗುತ್ತದೆ.

ಮನೆಮದ್ದು ಸಾಲದಾದಾಗ

ಗೆದ್ದಲಿನ ವಿಷಯದಲ್ಲಿ ಮನೆಮದ್ದನ್ನು ನಂಬಿ ಕೂರಬೇಡಿ. ಗೋಡೆಯ ಮೇಲೆ ಮಣ್ಣಿನ ಕೊಳವೆ ಕಂಡರೆ ಅದರ ಗೂಡು ನೆಲದೊಳಗಿದೆ. ಬಾಗಿಲಿಗೆ ಹಚ್ಚಿದ ಬೇವಿನ ಎಣ್ಣೆ ಅಲ್ಲಿಗೆ ಹೋಗುವುದಿಲ್ಲ. ಸೋರುವ ಪೈಪು ಸರಿಮಾಡುವುದು, ಮರದ ಸಾಮಾನು ಮಣ್ಣಿಗೆ ತಾಗದಂತೆ ನೋಡಿಕೊಳ್ಳುವುದು ನಮ್ಮ ಕೈಲಾಗುವ ಕೆಲಸ. ಉಳಿದದ್ದಕ್ಕೆ ತಿಳಿದವರನ್ನೇ ಕರೆಸಿ. ಒಂದಕ್ಕಿಂತ ಹೆಚ್ಚು ಕೋಣೆಗೆ ಹರಡಿದ ತಿಗಣೆ, ಹಗಲಲ್ಲೂ ಓಡಾಡುವಷ್ಟು ಹೆಚ್ಚಿದ ಜಿರಳೆಗೂ ಇದೇ ಮಾತು. ಜೇನುಗೂಡು ಕಟ್ಟಿದ್ದರೆ ಕೊಲ್ಲುವವರನ್ನಲ್ಲ, ಹಿಡಿದು ಸಾಗಿಸುವವರನ್ನು ಹುಡುಕಿ.

ಬಂದವರನ್ನು ಕೇಳಲು ಹಿಂಜರಿಯಬೇಡಿ. ಯಾವ ಔಷಧಿ ಹಾಕುತ್ತೀರಿ, ಅದರ ಹೆಸರೇನು, ಎಷ್ಟು ಹೊತ್ತು ಮಕ್ಕಳು ಸಾಕುಪ್ರಾಣಿಗಳು ಹೊರಗಿರಬೇಕು ಅಂತ ಬರೆಸಿಕೊಳ್ಳಿ. ಜಿರಳೆ, ಇರುವೆಗಾದರೆ ಮನೆಯಿಡೀ ಸ್ಪ್ರೇ ಬೇಡ, ಸಂದಿನಲ್ಲಿ ಇಡುವ ಜೆಲ್ ಸಾಕು ಅಂತ ಹೇಳಿ. ಸ್ಪ್ರೇ ಮಾಡಿಸಲೇಬೇಕಾದರೆ ನೀವು ಇಟ್ಟಿರುವ ಬೋರಿಕ್ ಉಂಡೆ, ಸಕ್ಕರೆ ಹತ್ತಿಗಳನ್ನು ಅವರು ಬರುವ ಮುಂಚೆ ಎತ್ತಿಬಿಡಿ. ಸ್ಪ್ರೇ ತಾಗಿದ ಉಂಡೆಯನ್ನು ಯಾವ ಹುಳವೂ ಮುಟ್ಟುವುದಿಲ್ಲ.